ನೌಕರಿ, ಮನೆ, ಮಕ್ಕಳು, ಜೊತೆಗೊಂದು ಕುದುರೆ: ದಾವಣಗೆರೆ ಕಡೆ ಸಾಕೋದು ಹೇಗೆ?

ಆನಗೋಡು ಸವಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚಿಕ್ಕಂದಿನಿಂದ ಕುದುರೆ ಅಂದ್ರೆ ಪ್ರಾಣ. ಓದು, ಕೆಲಸ, ಮದುವೆ, ಮಕ್ಕಳು ಅಂತ ಮುಂದೂಡುತ್ತಾ ಬಂದದ್ದನ್ನು ಈಗ ಸರಿಯಾಗಿ ಲೆಕ್ಕ ಹಾಕಿ ಶುರು ಮಾಡಬೇಕು ಅಂತಿದ್ದೇನೆ. ದಾವಣಗೆರೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ನೌಕರಿ. ಮನೆಯವರು ಶಿಕ್ಷಕಿ. ಮಕ್ಕಳಿಗೆ 12 ಮತ್ತು 7 ವರ್ಷ. ಆನಗೋಡು ಹತ್ತಿರ ಎರಡು ಎಕರೆ ಹೊಲ, ಕೊಳವೆಬಾವಿ, ಹಳೇ ದನದ ಕೊಟ್ಟಿಗೆ ಇದೆ. ಅಪ್ಪ ಅಮ್ಮ ಅಲ್ಲೇ ಇದ್ದಾರೆ, ಎರಡು ಎಮ್ಮೆ ನೋಡಿಕೊಳ್ಳುತ್ತಾರೆ. ಸವಾರಿ ಕಲಿತಿದ್ದೇನೆ, ಸಾಕಿ ಗೊತ್ತಿಲ್ಲ. ನನ್ನ ತೂಕ 74 ಕೆ.ಜಿ.

ಕೇಳಬೇಕಾದ್ದು ಇಷ್ಟು. ನೌಕರಿ ಇಟ್ಟುಕೊಂಡು ದಿನಕ್ಕೆ ಎಷ್ಟು ಹೊತ್ತು ಕೊಡಬೇಕು? ಎಂಥ ಕುದುರೆ ತರಬೇಕು? ಹೊಲದಲ್ಲಿ ಮೆಕ್ಕೆಜೋಳ ನಾವೇ ಬೆಳೆಯುತ್ತೇವೆ. ಅದನ್ನೂ ಎಮ್ಮೆಗೆ ಹಾಕುವ ಹಿಂಡಿ, ಬೂಸಾನೂ ಕುದುರೆಗೆ ಹಾಕಬಹುದಾ? ಲಾಳ, ಔಷಧಿಗೆ ಏನು ವ್ಯವಸ್ಥೆ ಮಾಡಿಕೊಳ್ಳಬೇಕು?

ಹೊಳಲ್ಕೆರೆ ಲಾಯ

ಸರ್, ಮೊದಲು ಸಮಯದ ಮಾತು. ಸವಾರಿ ಮಾಡುವ ದಿನ ಒಟ್ಟು ಎರಡೂವರೆ ಗಂಟೆ, ಮಾಡದ ದಿನ ಒಂದೂವರೆ ಗಂಟೆ. ಇದರಲ್ಲಿ ಲದ್ದಿ ಬಾಚೋದು, ನೀರಿನ ತೊಟ್ಟಿ ತೊಳೆಯೋದು, ಮೈ ಉಜ್ಜೋದು, ನಾಲ್ಕೂ ಗೊರಸು ಎತ್ತಿ ಕೊಕ್ಕೆಯಲ್ಲಿ ಕೆರೆಯೋದು ಎಲ್ಲ ಬಂತು. ಇಷ್ಟನ್ನು ಬೆಳಿಗ್ಗೆ 5.30ರಿಂದ 7.30ರ ಒಳಗೆ ಮತ್ತು ಸಂಜೆ ಅರ್ಧ ಗಂಟೆಯಲ್ಲಿ ಮುಗಿಸಬಹುದು. ಆದರೆ ನಿಮಗೆ ಕಷ್ಟ ಕೊಡೋದು ಆ ಎರಡೂವರೆ ಗಂಟೆ ಅಲ್ಲ. ನೀವು ಆಫೀಸಿನಲ್ಲಿರುವ ಎಂಟು–ಒಂಬತ್ತು ಗಂಟೆ. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಚಿಕ್ಕದು, ಎಂಟರಿಂದ ಹದಿನೈದು ಲೀಟರ್ ಅಷ್ಟೆ. ಜಠರದಲ್ಲಿ ಆಮ್ಲ ಮಾತ್ರ ಇಪ್ಪತ್ನಾಲ್ಕು ಗಂಟೆಯೂ ಉತ್ಪತ್ತಿ ಆಗುತ್ತಲೇ ಇರುತ್ತದೆ. ಎಮ್ಮೆ ಒಂದು ಸಲ ಮೇದು ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕು ಇಲ್ಲ. ಅದು ದಿನದಲ್ಲಿ ಹದಿನಾರು ಗಂಟೆಯಾದರೂ ಸ್ವಲ್ಪ ಸ್ವಲ್ಪ ಮೇಯುತ್ತಲೇ ಇರಬೇಕಾದ ಪ್ರಾಣಿ. ನಾಲ್ಕೈದು ಗಂಟೆಗಿಂತ ಹೆಚ್ಚು ಹೊತ್ತು ಬಾಯಿ ಖಾಲಿ ಇದ್ದರೆ ಜಠರದಲ್ಲಿ ಹುಣ್ಣು, ಹೊಟ್ಟೆಶೂಲೆ, ಬಾಗಿಲು ಕಚ್ಚುವ ಚಟ, ಎಲ್ಲ ಅಲ್ಲಿಂದಲೇ ಶುರು.

ಇದಕ್ಕೆ ಉಪಾಯ ಸರಳ. 3–4 ಸೆಂ.ಮೀ. ಕಣ್ಣಿನ ಬಲೆಯ ಚೀಲದಲ್ಲಿ ಒಣಹುಲ್ಲು ತುಂಬಿ ಎರಡು ಕಡೆ ಕಟ್ಟಿ. ಬಾಯಿ ತುಂಬ ಎಳೆಯಲು ಆಗದ ಕಾರಣ ಒಂದು ಗಂಟೆಯಲ್ಲಿ ಮುಗಿಸುವ ಹುಲ್ಲನ್ನು ಸುಮಾರು ಎರಡು ಗಂಟೆ ತಿನ್ನುತ್ತದೆ. ಖಾಲಿಯಾದ ಬಲೆ ಜೋತುಬಿದ್ದಾಗಲೂ ಮುಂಗಾಲು ಸಿಕ್ಕದಷ್ಟು ಎತ್ತರಕ್ಕೆ ಕಟ್ಟಬೇಕು. ಲಾಳ ಹೊಡೆಸಿದ ಕುದುರೆಯಾದರೆ ಇದರಲ್ಲಿ ಅಸಡ್ಡೆ ಬೇಡವೇ ಬೇಡ. ಮಧ್ಯಾಹ್ನ 1 ಗಂಟೆಗೆ ನಿಮ್ಮ ತಂದೆಯವರು ಒಂದು ಸುತ್ತು ಬಂದು ನೀರು, ಹುಲ್ಲು, ಲದ್ದಿ ನೋಡಿದರೆ ಸಾಕು.

ಇನ್ನು ತೂಕ. ಹೆಚ್ಚಿನವರು ಬಣ್ಣ, ಎತ್ತರ ನೋಡಿ ಕೊಳ್ಳುತ್ತಾರೆ, ತೂಕ ಅಳೆಯುವುದೇ ಇಲ್ಲ. ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂ.ಮೀ.ನಲ್ಲಿ ತೆಗೆದುಕೊಳ್ಳಿ. ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿವರೆಗಿನ ಉದ್ದ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 160, ಉದ್ದ 140 ಇದ್ದರೆ ಸುಮಾರು 302 ಕೆ.ಜಿ. ಬರುತ್ತದೆ. ಸವಾರ, ಜೀನು, ಬೂಟು ಎಲ್ಲ ಸೇರಿ ಕುದುರೆಯ ತೂಕದ ಶೇಕಡಾ 20 ದಾಟಬಾರದು, ಅಂದರೆ ಅದಕ್ಕೆ 60 ಕೆ.ಜಿ. ನೀವು 74, ಜೀನು 7–8. ನಿಮಗೆ 410 ಕೆ.ಜಿ. ಮೇಲ್ಪಟ್ಟ ಕುದುರೆ ಬೇಕು. ಸಂತೆಯಲ್ಲಿ ಅಥವಾ ಮೆರವಣಿಗೆಯವರ ಹತ್ತಿರ ಸಿಗುವ ಸಣ್ಣ ತಟ್ಟುಗಳು ನಿಮ್ಮ ಮಗುವಿಗೆ ಸರಿ, ನಿಮಗೆ ಆಗೋದಿಲ್ಲ. ಮಾರ್ವಾಡಿ, ಕಾಠಿಯಾವಾಡಿ ತಳಿಗಳಲ್ಲಿ ಮೈಕಟ್ಟು ಗಟ್ಟಿ ಇರುವ ದೊಡ್ಡ ಕುದುರೆ ಹುಡುಕಬೇಕು. ಬೆಂಗಳೂರು, ಮೈಸೂರಿನ ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಕಡಿಮೆ ಬೆಲೆಗೆ ಸಿಗುತ್ತದೆ, ತೂಕವೂ 450 ದಾಟುತ್ತದೆ. ಆದರೆ ತೆಳು ಚರ್ಮ, ತೆಳು ಗೊರಸು, ಧಾನ್ಯದ ಮೇಲೆ ಬೆಳೆದ ಹೊಟ್ಟೆ, ಓಡೋದೊಂದೇ ಗೊತ್ತಿರುವ ತಲೆ. ಮೊದಲ ಸಲ ಸಾಕುವವರಿಗೆ ಅದು ಬೇಡ.

ನೌಕರಿ ಮಾಡುವವರ ಕುದುರೆಗೆ ಅಂಟಿಕೊಂಡೇ ಬರುವ ತೊಂದರೆ ಇನ್ನೊಂದಿದೆ. ವಾರವೆಲ್ಲ ಕಟ್ಟಿ ಪೂರ್ತಿ ಧಾನ್ಯ ಹಾಕಿ, ಭಾನುವಾರ ಎರಡು ಗಂಟೆ ಓಡಿಸಿದರೆ ಸೊಂಟ, ತೊಡೆಯ ಸ್ನಾಯು ಹಿಡಿದುಕೊಂಡು ಕುದುರೆ ನಿಂತಲ್ಲೇ ಬೆವರುತ್ತದೆ, ಉಚ್ಚೆ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಆಗ ಅದನ್ನು ಒಂದು ಹೆಜ್ಜೆಯೂ ನಡೆಸಬಾರದು, ಅಲ್ಲೇ ನಿಲ್ಲಿಸಿ ವೈದ್ಯರನ್ನು ಕರೆಸಬೇಕು. ಇದು ಬರಬಾರದು ಅಂದರೆ ವಾರಕ್ಕೆ ನಾಲ್ಕು ದಿನವಾದರೂ 45 ನಿಮಿಷ ಕೆಲಸ ಕೊಡಿ: ಮೊದಲ 10 ನಿಮಿಷ, ಕೊನೆಯ 10 ನಿಮಿಷ ಬರೀ ನಡಿಗೆ. ರಜೆಯ ದಿನ ಧಾನ್ಯ ಅರ್ಧಕ್ಕೆ ಇಳಿಸಿ, ಹುಲ್ಲು ಹಾಗೇ ಇರಲಿ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ 7.30ರ ಒಳಗೆ ಸವಾರಿ ಮುಗಿಯಬೇಕು. ಉಷ್ಣಾಂಶವನ್ನು ಫ್ಯಾರನ್‌ಹೀಟಿನಲ್ಲಿ ತೆಗೆದುಕೊಂಡು ಗಾಳಿಯ ತೇವಾಂಶದ ಶೇಕಡಾ ಕೂಡಿಸಿ. 130ರ ಒಳಗಿದ್ದರೆ ಚಿಂತೆಯಿಲ್ಲ, 150 ದಾಟಿದರೆ ಕೆಲಸ ಕಡಿಮೆ ಮಾಡಿ, 180ರ ಹತ್ತಿರ ಬಂದರೆ ಜೀನೇ ಹಾಕಬೇಡಿ.

ಪಶುವೈದ್ಯ, ಹರಿಹರ

ಮೆಕ್ಕೆಜೋಳದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಮುಖ್ಯ ವಿಷಯ ಇಲ್ಲ.

ತೆನೆ ಹೊಲದಲ್ಲಿ ನಿಂತಿರುವಾಗಲೇ ಮಳೆ ಹಿಡಿದರೆ ಫ್ಯುಸೇರಿಯಂ ಅನ್ನೋ ಬೂಷ್ಟು ಕಾಳಿಗೆ ಹೊಕ್ಕು ಫ್ಯುಮೋನಿಸಿನ್ ಎಂಬ ವಿಷ ತಯಾರಿಸುತ್ತದೆ. ರಸ್ತೆ ಮೇಲೆ ಹರವಿ ಒಣಗಿಸಿದರೆ ಬೂಷ್ಟು ಸಾಯಬಹುದು, ವಿಷ ಹೋಗೋದಿಲ್ಲ. ಕಾಳು ನೋಡೋಕೆ ಚೆನ್ನಾಗೇ ಕಾಣಬಹುದು. ಎಮ್ಮೆ, ದನ, ಕೋಳಿ ಇದನ್ನು ಸಾಕಷ್ಟು ತಡೆದುಕೊಳ್ಳುತ್ತವೆ. ಕುದುರೆಯಲ್ಲಿ ಮಾತ್ರ ಇದು ಮೆದುಳಿನ ಬಿಳಿಭಾಗವನ್ನು ಕರಗಿಸುತ್ತದೆ. ಕುದುರೆ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಒಂದೇ ಕಡೆ ಸುತ್ತುತ್ತದೆ, ಕಣ್ಣು ಕಾಣುವುದಿಲ್ಲ, ನುಂಗಲು ಆಗುವುದಿಲ್ಲ. ಹೆಚ್ಚಾಗಿ ಒಂದರಿಂದ ಮೂರು ದಿನದಲ್ಲಿ ಸಾವು, ಇದಕ್ಕೆ ಮದ್ದು ಇಲ್ಲ. ವಿಷ ಹೆಚ್ಚು ಇರೋದು ಒಡೆದ ಕಾಳು, ನುಚ್ಚು, ಜರಡಿಯಲ್ಲಿ ಬಿದ್ದ ಪುಡಿಯಲ್ಲಿ. ಜನ ಅಗ್ಗ ಅಂತ ಕುದುರೆಗೆ ಹಾಕೋದೂ ಅದನ್ನೇ. ಆದ್ದರಿಂದ ನಿಮ್ಮ ಹೊಲದ ಮೆಕ್ಕೆಜೋಳ ಮಾರಿ, ಆ ದುಡ್ಡಿನಲ್ಲಿ ಓಟ್ಸ್ ಅಥವಾ ಬಾರ್ಲಿ ತನ್ನಿ. ಬೂಷ್ಟು ಹಿಡಿದ ಮೆಕ್ಕೆಜೋಳದ ಸೊಪ್ಪೆಯೂ ಬೇಡ.

ಬೂಷ್ಟಿಲ್ಲದ ಮೆಕ್ಕೆಜೋಳವಾದರೂ ಅದರಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟ. ಕುದುರೆ ಒಂದು ಹೊತ್ತಿಗೆ ಮೈತೂಕದ ಪ್ರತಿ ಕೆ.ಜಿ.ಗೆ ಒಂದು ಗ್ರಾಂ ಪಿಷ್ಟದ ಸುತ್ತಮುತ್ತ ಅರಗಿಸಬಲ್ಲದು. ಹೆಚ್ಚಾದದ್ದು ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತದೆ, ಅಲ್ಲಿಂದ ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಪದರದ ಉರಿಯೂತ. ಕುದುರೆ ಹಗ್ಗ ಬಿಚ್ಚಿಕೊಂಡು ಕಾಳಿನ ಮೂಟೆಗೆ ಬಾಯಿ ಹಾಕಿದ್ದು ಕಂಡರೆ ‘ಚೆನ್ನಾಗೇ ನಿಂತಿದೆಯಲ್ಲ’ ಅಂತ ಬೆಳಗಿನವರೆಗೆ ಕಾಯಬೇಡಿ. ಕುಂಟೋದು ಕಾಣಿಸೋದು ಒಂದು–ಎರಡು ದಿನ ಕಳೆದ ಮೇಲೆ. ಅಷ್ಟರಲ್ಲಿ ಗೊರಸಿನ ಒಳಗೆ ಹಾನಿ ಆಗಿ ಮುಗಿದಿರುತ್ತದೆ. ತಕ್ಷಣ ಕರೆ ಮಾಡಿ, ವೈದ್ಯರು ಬರುವವರೆಗೆ ಪಾದಗಳನ್ನು ಮಂಜುಗಡ್ಡೆ ನೀರಿನಲ್ಲಿಡಿ.

ಎಮ್ಮೆಯ ಆಹಾರದ ವಿಚಾರ. ಕೆಲವು ಕೋಳಿ ಆಹಾರ, ಪಶು ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಸೇರಿಸಿರುತ್ತಾರೆ. ಕುದುರೆಗೆ ಮೈತೂಕದ ಕೆ.ಜಿ.ಗೆ ಎರಡು–ಮೂರು ಮಿಲಿಗ್ರಾಂ ಹೋದರೂ ಹೃದಯದ ಸ್ನಾಯು ಕೆಟ್ಟು ಸಾಯಬಹುದು. ಚೀಲದ ಮೇಲಿನ ಚೀಟಿ ಓದದೆ ಒಂದು ಬೊಗಸೆಯೂ ಹಾಕಬೇಡಿ, ಎಮ್ಮೆಯ ಬುಟ್ಟಿ ಕುದುರೆಗೆ ಬಳಸಬೇಡಿ. ಗೋಧಿ ಬೂಸಾ, ಅಕ್ಕಿ ತೌಡು ವಿಷವಲ್ಲ. ಆದರೆ ಅವುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ತಿಂಗಳುಗಟ್ಟಲೆ ಅದನ್ನೇ ಹಾಕಿದರೆ ದೇಹ ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ದವಡೆ ಊದಿಕೊಳ್ಳುತ್ತದೆ, ಕಾಲು ಬದಲಿಸಿ ಬದಲಿಸಿ ಕುಂಟುತ್ತದೆ. ಎಮ್ಮೆಗೆಂದು ಎಲ್ಲರೂ ಬೆಳೆಯುವ ಹೈಬ್ರಿಡ್ ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್ ಕೂಡ ಇದೇ ಕೆಲಸ ಮಾಡುತ್ತದೆ. ನೇಪಿಯರ್ ಜೊತೆಗೆ ಬೂಸಾ ಸೇರಿದರೆ ಕೆಡುಕು ಇಮ್ಮಡಿ.

ನಮ್ಮ ಕಡೆ ಸಿಗೋದರಲ್ಲೇ ಒಳ್ಳೆಯದು ರಾಗಿ ಹುಲ್ಲು. ಭತ್ತದ ಹುಲ್ಲಿಗಿಂತ ಇದು ಎಷ್ಟೋ ಪಾಲು ಮೇಲು. 400 ಕೆ.ಜಿ. ಕುದುರೆಗೆ, ವಾರಕ್ಕೆ ನಾಲ್ಕು ದಿನ ಹಗುರ ಕೆಲಸ ಇದ್ದರೆ, ದಿನಕ್ಕೆ ಒಣಹುಲ್ಲು 6–7 ಕೆ.ಜಿ., ಹಸಿ ಕುದುರೆಮಸಾಲೆ (ಲೂಸರ್ನ್) ಸೊಪ್ಪು 5 ಕೆ.ಜಿ., ಓಟ್ಸ್ ಅಥವಾ ಜಜ್ಜಿದ ಬಾರ್ಲಿ ಒಂದೂವರೆ ಕೆ.ಜಿ. ಎರಡು ಹೊತ್ತಿಗೆ ಹಂಚಿ, ಎಂಟು–ಹತ್ತು ಗಂಟೆ ನೆನೆಸಿ ಬೇಯಿಸಿದ ಹುರುಳಿ 300–400 ಗ್ರಾಂ, ಉಪ್ಪು 30 ಗ್ರಾಂ, ಜೊತೆಗೆ ಮೊನೆನ್ಸಿನ್ ಇಲ್ಲದ ಖನಿಜ ಮಿಶ್ರಣ. ಹುಲ್ಲೇ ವರ್ಷಕ್ಕೆ ಎರಡೂವರೆ ಟನ್ ಆಗುತ್ತದೆ. ರಾಗಿ ಕೊಯ್ಲಿನ ಕಾಲದಲ್ಲೇ ಕೊಂಡು, ನೆಲದಿಂದ ಒಂದಡಿ ಎತ್ತರದ ಅಟ್ಟದ ಮೇಲೆ ಬಣವೆ ಹಾಕಿ. ಯಾವ ಮೇವು ಬದಲಿಸಿದರೂ ಹತ್ತು–ಹದಿನಾಲ್ಕು ದಿನ ತೆಗೆದುಕೊಂಡು ಹಂತ ಹಂತವಾಗಿ ಬದಲಿಸಿ. ಎಳೆ ಜೋಳದ ಪೈರಿಗೆ ಮೇಯಲು ಬಿಡಬೇಡಿ. ಸಯನೈಡ್ ಭಯದ ಜೊತೆಗೆ ಕುದುರೆಗಳಲ್ಲಿ ಮೂತ್ರಕೋಶ ಸೋತು ಹಿಂಗಾಲು ತಡವರಿಸುವ ರೋಗ ಬರುತ್ತದೆ. ಹೆದ್ದಾರಿಯ ನಡುಪಟ್ಟಿಯಲ್ಲಿ, ಮನೆ ಮುಂದೆ ಬೆಳೆಸುವ ಕಣಗಿಲೆ ಒಣಗಿದ್ದರೂ ವಿಷವೇ. ಸ್ವಲ್ಪ ಎಲೆ ಸಾಕು ದೊಡ್ಡ ಕುದುರೆ ಸಾಯಲು. ಕತ್ತರಿಸಿದ ರೆಂಬೆ ಹೊಲದ ಬೇಲಿ ಹತ್ತಿರ ಯಾರಾದರೂ ಎಸೆದಿದ್ದಾರಾ ಅಂತ ಆಗಾಗ ನೋಡುತ್ತಿರಿ.

ಚಳ್ಳಕೆರೆ ಅಕ್ಕ

ಡಾಕ್ಟ್ರು ಮೇವಿನ ಮಾತು ಎಲ್ಲಾ ಹೇಳಿದ್ದಾರೆ. ನಾನು ಎರಡು ಮಾತು ಸೇರಿಸ್ತೀನಿ ತಮ್ಮಾ, ಒಂದು ನೀರು, ಇನ್ನೊಂದು ಮನೆ.

ಕುದುರೆ ದಿನಕ್ಕೆ 25ರಿಂದ 40 ಲೀಟರ್ ನೀರು ಕುಡಿಯುತ್ತೆ, ಬೇಸಿಗೆಯಲ್ಲಿ ಅದಕ್ಕೂ ಹೆಚ್ಚು. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು, ನಿಮ್ಮ ಜಗಳೂರು ಕಡೆ ಕೊಳವೆಬಾವಿಯಲ್ಲಿ ಫ್ಲೋರೈಡ್ ಇರೋದು ಎಲ್ಲರಿಗೂ ಗೊತ್ತು. ಜನರಿಗೆ ಲೀಟರಿಗೆ ಒಂದೂವರೆ ಮಿಲಿಗ್ರಾಂ ಕೊನೇ ಮಿತಿ. ಪ್ರಾಣಿಗೆ ಎರಡು ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿಸಿದರೆ ಹಲ್ಲು ಸವೆಯುತ್ತೆ, ಮೂಳೆ ಗಂಟು ಕಟ್ಟುತ್ತೆ. ಕುದುರೆ 25 ವರ್ಷ ಬದುಕೋ ಪ್ರಾಣಿ, ಅದಕ್ಕೇ ಇದು ಲೆಕ್ಕಕ್ಕೆ ಬರುತ್ತೆ. ಕುದುರೆ ತರೋದಕ್ಕಿಂತ ಮೊದಲು ನಿಮ್ಮ ಬೋರಿನ ನೀರು ಪರೀಕ್ಷೆ ಮಾಡಿಸಿ. ಜಾಸ್ತಿ ಬಂದರೆ ಗಾಬರಿ ಬೇಡ, ಲಾಯದ ಸೂರಿನ ಮಳೆನೀರು ಹಿಡೀರಿ. 12 ಅಡಿಗೆ 24 ಅಡಿ ತಗಡಿನ ಸೂರು ಅಂದರೆ ಸುಮಾರು 27 ಚದರ ಮೀಟರ್. ವರ್ಷಕ್ಕೆ 600 ಮಿ.ಮೀ. ಮಳೆ ಅಂತ ಹಿಡಿದು ಐದರಲ್ಲಿ ಒಂದು ಪಾಲು ಕಳೆದರೂ 12–13 ಸಾವಿರ ಲೀಟರ್ ಆಯ್ತು. ದಿನಕ್ಕೆ 40 ಲೀಟರಿನಂತೆ ಹತ್ತು ತಿಂಗಳಿಗೆ ಬರುತ್ತೆ. ನಮ್ಮ ಕಡೆ ಮಳೆ ಇನ್ನೂ ಕಮ್ಮಿ, ಸೂರು ದೊಡ್ಡದು ಮಾಡಬೇಕು. ಮೊದಲ ಮಳೆ ಬಿಟ್ಟುಬಿಡಿ, ತಗಡಿನ ಧೂಳು, ಹಕ್ಕಿ ಹಿಕ್ಕೆ ತೊಳೆದು ಹೋಗಲಿ.

ಹಳೇ ಕೊಟ್ಟಿಗೆ ಅಂದ್ರಲ್ಲ, ಸೂರು ಹತ್ತಡಿಗಿಂತ ತಗ್ಗಿದ್ದರೆ ಎತ್ತರಿಸಿ. ಕುದುರೆ ತಲೆ ಎತ್ತಿದಾಗ ಬಡೀಬಾರದು. ಒಂದು ಕುದುರೆಗೆ 12 ಅಡಿಗೆ 12 ಅಡಿ ಬೇಕು. ತಗಡಿನ ಮೇಲೆ ಅಡಿಕೆ ಸೋಗೆ ಇಲ್ಲಾ ತೆಂಗಿನ ಗರಿ ಹೊದಿಸಿ, ಏಪ್ರಿಲ್ ಬಿಸಿಲಿಗೆ ಒಳಗೆ ನಿಂತು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತೆ. ನೆಲಕ್ಕೆ ನಯ ಸಿಮೆಂಟು ಬೇಡ, ಏಳುವಾಗ ಜಾರಿ ಬೀಳುತ್ತೆ. ಗಟ್ಟಿಸಿದ ಗೊಚ್ಚು ಮಣ್ಣು, ಉಚ್ಚೆ ಹರಿಯೋಕೆ ಸಣ್ಣ ಇಳಿಜಾರು ಇದ್ದರೆ ಸಾಕು. ಮೊಳೆ, ತಗಡಿನ ಚೂಪು ಅಂಚು, ಮುಳ್ಳುತಂತಿ ಯಾವುದೂ ಕುದುರೆಯ ಎದೆ ಎತ್ತರದಲ್ಲಿ ಇರಬಾರದು.

ಶೇಂಗಾ ಬಳ್ಳಿಯ ಹೊಟ್ಟು ನಮ್ಮಲ್ಲಿ ಧಾರಾಳ, ಕುದುರೆಗೂ ಇಷ್ಟ. ಆದರೆ ಬೇರಿಗಂಟಿದ ಮಣ್ಣು ಹೊಟ್ಟೆಗೆ ಹೋಗಿ ಕರುಳಿನಲ್ಲಿ ಕೂರುತ್ತೆ. ಕೊಡವಿ, ಬೇರಿನ ತುದಿ ಕತ್ತರಿಸಿ ಹಾಕಿ. ತಿಂಗಳಿಗೊಮ್ಮೆ ನೆಲಕ್ಕೆ ತಾಗದ ಐದಾರು ಲದ್ದಿ ಉಂಡೆಯನ್ನು ಪಾರದರ್ಶಕ ಕವರಿನಲ್ಲಿ ಹಾಕಿ, ಒಂದು ಲೀಟರ್ ನೀರು ಹುಯ್ದು ಕಲಸಿ ಮೂಲೆ ಕೆಳಗಾಗಿ ತೂಗುಹಾಕಿ. ಕಾಲು ಗಂಟೆ ಬಿಟ್ಟು ಬೆರಳಿನಿಂದ ಮುಟ್ಟಿ ನೋಡಿ. ಒಂದು ಚಮಚಕ್ಕಿಂತ ಹೆಚ್ಚು ಮರಳು ತಳದಲ್ಲಿ ಕೂತಿದ್ದರೆ ಡಾಕ್ಟ್ರಿಗೆ ಹೇಳಿ, ಇಸಬ್‌ಗೋಲು ಎಷ್ಟು ದಿನ ಕೊಡಬೇಕು ಅಂತ ತೂಕ ನೋಡಿ ಬರೆದುಕೊಡ್ತಾರೆ.

ಮನೆ ವಿಷಯ. ಎಂಟು ವರ್ಷದ ಕುದುರೆ ತಂದರೆ ಅದು ಇನ್ನೂ ಹದಿನೈದು, ಹದಿನೆಂಟು ವರ್ಷ ಇರುತ್ತೆ. ಅಷ್ಟರಲ್ಲಿ ನಿಮ್ಮ ಸಣ್ಣ ಮಗು ಓದು ಮುಗಿಸಿರುತ್ತೆ, ಅಪ್ಪ ಅಮ್ಮನಿಗೆ ವಯಸ್ಸಾಗಿರುತ್ತೆ, ನಿಮಗೆ ಎಲ್ಲಿಗೋ ವರ್ಗ ಆಗಿರಬಹುದು. ಆದ್ದರಿಂದ ಕುದುರೆಯ ಭಾರ ಅಪ್ಪನ ಮೇಲೆ ಹಾಕಬೇಡಿ. ಊರಿನ ಒಬ್ಬರಿಗೆ ಸಂಬಳ ಕೊಟ್ಟು, ನಿಮ್ಮ ಜೊತೆಗೇ ಮೂರು ತಿಂಗಳು ಕೆಲಸ ಕಲಿಸಿ. ಮದುವೆ, ಜಾತ್ರೆ, ಪರೀಕ್ಷೆ ಅಂತ ನೀವು ಇಲ್ಲದ ದಿನವೂ ಕುದುರೆಗೆ ಅದೇ ಹೊತ್ತು, ಅದೇ ಕೈ ಇರಬೇಕು. ಲಾಯದ ಬಾಗಿಲಿಗೆ ಒಂದು ಹಲಗೆ ಹಾಕಿ, ಯಾವ ಹೊತ್ತಿಗೆ ಏನು, ಎಷ್ಟು, ಯಾರಿಗೆ ಫೋನು ಅಂತ ದೊಡ್ಡಕ್ಷರದಲ್ಲಿ ಬರೆಯಿರಿ. ಆರು ತಿಂಗಳ ಮೇವಿನ ಖರ್ಚಿನಷ್ಟು ದುಡ್ಡು ಬೇರೆ ಖಾತೆಯಲ್ಲಿ ಇಡಿ, ಮಕ್ಕಳ ಫೀಸಿನ ದುಡ್ಡಿಗೂ ಅದಕ್ಕೂ ಬೆರಕೆ ಬೇಡ. ಮನೆಯವರ ಒಪ್ಪಿಗೆ ಅಂದರೆ ಬರೀ ಹೂಂ ಅನ್ನಿಸಿಕೊಳ್ಳೋದಲ್ಲ, ಈ ಲೆಕ್ಕವನ್ನ ಅವರ ಮುಂದಿಡೋದು.

ಮಕ್ಕಳನ್ನು ಮೊದಲ ದಿನದಿಂದಲೇ ಸೇರಿಸಿಕೊಳ್ಳಿ, ಆದರೆ ಹಿರಿಯರ ಕಣ್ಣೆದುರಿಗೆ. ಹೆಲ್ಮೆಟ್ ಇಲ್ಲದೆ ಹತ್ತೋದಿಲ್ಲ, ಚಪ್ಪಲಿ ಹಾಕಿಕೊಂಡು ಲಾಯಕ್ಕೆ ಬರೋದಿಲ್ಲ, ಹಗ್ಗವನ್ನು ಕೈಗೆ ಸುತ್ತಿಕೊಳ್ಳೋದಿಲ್ಲ, ಹಿಂದಿನಿಂದ ಸದ್ದಿಲ್ಲದೆ ಹೋಗೋದಿಲ್ಲ. ಈ ನಾಲ್ಕನ್ನ ಒಂದು ದಿನವೂ ಸಡಿಲ ಬಿಡಬೇಡಿ. ಏಳು ವರ್ಷದ ಮಗು ಮೈ ಉಜ್ಜಬಹುದು, ನೀರು ತುಂಬಬಹುದು. ಗೊರಸು ಎತ್ತೋದು ದೊಡ್ಡವರೇ ಮಾಡಲಿ. ಕುದುರೆ ಲದ್ದಿಯಲ್ಲಿ ಧನುರ್ವಾಯುವಿನ ರೋಗಾಣು ಇರುತ್ತೆ, ಮನೆಯವರೆಲ್ಲರ ಟಿಟಿ ಚುಚ್ಚುಮದ್ದು ಯಾವಾಗ ಆಗಿದೆ ಅಂತ ನೋಡಿಕೊಳ್ಳಿ.

ಲಾಳ–ಜೀನು

ಲಾಳದ ವಿಚಾರ ಕೇಳಿದ್ದೀರಿ. ಎತ್ತಿಗೆ ಲಾಳ ಕಟ್ಟುವವರು ಇನ್ನೂ ಅಲ್ಲಲ್ಲಿ ಸಿಗುತ್ತಾರೆ. ಅವರ ಕೈ ಒಳ್ಳೆಯದು, ಆದರೆ ಕುದುರೆಗೆ ಅವರನ್ನು ಕರೆಯಬೇಡಿ. ಎತ್ತಿನ ಗೊರಸು ಸೀಳಿರುತ್ತದೆ, ಅದಕ್ಕೆ ಎರಡು ಹೋಳಿನ ಚಪ್ಪಟೆ ಲಾಳ, ಎತ್ತನ್ನು ಕೆಡವಿ ಹೊಡೆಯುತ್ತಾರೆ. ಕುದುರೆಗೆ ಒಂದೇ ಗೊರಸು. ನಿಲ್ಲಿಸಿಯೇ ಹೊಡೆಯಬೇಕು, ಹೊಡೆಯುವ ಮೊದಲು ಕತ್ತರಿಸಿ ಸಮ ಮಾಡಬೇಕು. ಗೊರಸಿನ ಅಡಿಯಲ್ಲಿ ಗೋಡೆಗೂ ಅಂಗಾಲಿಗೂ ನಡುವೆ ತೆಳು ಬಿಳಿಗೆರೆ ಕಾಣುತ್ತದೆ. ಮೊಳೆ ಆ ಗೆರೆಯ ಹೊರಗೇ ಹೋಗಬೇಕು. ಒಳಗೆ ಹೋದರೆ ಜೀವಂತ ಮಾಂಸಕ್ಕೆ ತಾಗುತ್ತದೆ, ಒಂದೆರಡು ದಿನದಲ್ಲಿ ಕೀವು ಕಟ್ಟಿ ಕಾಲೂರುವುದಿಲ್ಲ.

ನನ್ನ ಸಲಹೆ, ಮೊದಲ ವರ್ಷ ಲಾಳವೇ ಬೇಡ. ನಿಮ್ಮದು ಹೊಲದ ಮಣ್ಣು, ವಾರಕ್ಕೆ ನಾಲ್ಕು ದಿನ ಹಗುರ ಸವಾರಿ. ಆರು ವಾರಕ್ಕೊಮ್ಮೆ ಗೊರಸು ಕತ್ತರಿಸಿದರೆ ಸಾಕು. ಚಿತ್ರದುರ್ಗದ ಕಲ್ಲುಗುಡ್ಡದ ಕಡೆ ದಿನಾ ಹತ್ತಿಸುವವರ ಮಾತು ಬೇರೆ; ಅಲ್ಲಿ ಗೊರಸು ಬೆಳೆಯೋದಕ್ಕಿಂತ ಬೇಗ ಸವೆಯುತ್ತದೆ. ಗೊರಸು ತಿಂಗಳಿಗೆ ಎಂಟರಿಂದ ಹತ್ತು ಮಿ.ಮೀ. ಬೆಳೆಯುತ್ತದೆ. ಎಂಟು ವಾರ ಬಿಟ್ಟರೆ ಮುಂತುದಿ ಉದ್ದವಾಗಿ ಹಿಮ್ಮಡಿ ಮುಂದಕ್ಕೆ ಜಗ್ಗುತ್ತದೆ, ಭಾರ ಕಾಲಿನ ಹಿಂದಿನ ಸ್ನಾಯುರಜ್ಜುವಿನ ಮೇಲೆ ಬೀಳುತ್ತದೆ. ಪಕ್ಕದಿಂದ ನಿಂತು ನೋಡಿ: ಗೊರಸಿನ ಮುಂಭಾಗದ ಗೆರೆ ಮತ್ತು ಅದರ ಮೇಲಿನ ಮಣಿಕಟ್ಟಿನ ಇಳಿಜಾರು ಒಂದೇ ನೇರದಲ್ಲಿರಬೇಕು. ನಡುವೆ ಮುರಿದಂತೆ ಕಂಡರೆ ಕತ್ತರಿಸುವ ಹೊತ್ತು ದಾಟಿದೆ ಅಂತ ಅರ್ಥ.

ಕುದುರೆಯ ನಾಲಬಂದರು, ಅಂದರೆ ಲಾಳ ಹೊಡೆಯುವವರು, ನಮ್ಮ ಊರುಗಳಲ್ಲಿ ಅಪರೂಪ. ದೂರದಿಂದ ಬರಬೇಕಾದರೆ ಹತ್ತಿರದ ನಾಲ್ಕೈದು ಕುದುರೆಯವರು ಸೇರಿ ಒಂದೇ ದಿನ ಕರೆಸಿ, ಮುಂದಿನ ತಾರೀಕನ್ನೂ ಅವತ್ತೇ ಗೊತ್ತು ಮಾಡಿ. ಮಳೆಗಾಲದಲ್ಲಿ ಗೊರಸಿನ ನಡುವಿನ ಮೆತ್ತನೆಯ ತ್ರಿಕೋನದ ಪಕ್ಕದ ಸಂದಿಯಲ್ಲಿ ಕಪ್ಪಗೆ, ಕೆಟ್ಟ ವಾಸನೆಯ ಕೊಳೆ ಬಂದರೆ ದಿನಾ ಕೆರೆದು, ಪೊವಿಡೋನ್ ಅಯೋಡಿನ್ ನೀರಿನಲ್ಲಿ ಉಜ್ಜಿ ಒಣಗಿಸಿ. ಔಷಧಿಗಿಂತ ಒಣನೆಲ ಮುಖ್ಯ. ಉಚ್ಚೆಯಲ್ಲಿ ನಿಂತ ಕುದುರೆಗೆ ಯಾವ ಔಷಧಿಯೂ ಹಿಡಿಯೋದಿಲ್ಲ. ಸರ್ವಿಸ್ ರೋಡಿನ ಡಾಂಬರಿನ ಮೇಲೆ ನಡಿಗೆ ಮಾತ್ರ ಸಾಕು. ಅಲ್ಲಿ ಓಡಿಸಿದರೆ ಕೀಲು ಬೇಗ ಹಾಳಾಗುತ್ತವೆ.

ಆನಗೋಡು ಸವಾರ

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕ ಹೇಳಿದ ಲೆಕ್ಕ ಮನೆಯಲ್ಲಿ ಎಲ್ಲರ ಮುಂದೆ ಇಟ್ಟು ಓದಿಸುತ್ತೇನೆ. ಎರಡು ಪ್ರಶ್ನೆ ಉಳಿದವು. ಕೊಳ್ಳುವಾಗ ಸುಳಿ ನೋಡಲೇಬೇಕು ಅಂತ ಅಪ್ಪ ಹೇಳುತ್ತಾರೆ. ಇನ್ನೊಂದು, ರಾತ್ರಿ ಹೊಟ್ಟೆಶೂಲೆ ಬಂದರೆ ಡಾಕ್ಟರು ಬರುವ ತನಕ ನಾವು ಏನು ಮಾಡಬೇಕು?

ಹೊಳಲ್ಕೆರೆ ಲಾಯ

ಸುಳಿ ಅಂದರೆ ಕೂದಲು ತಿರುಗಿದ ದಿಕ್ಕು ಅಷ್ಟೆ. ಕಾಲು, ಶ್ವಾಸಕೋಶ, ಸ್ವಭಾವಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ ಹಿರಿಯರ ಮನಸ್ಸು ನೋಯಿಸಬೇಡಿ. ಅವರು ದಿನಾ ಆ ಕುದುರೆಯ ಮುಖ ನೋಡಬೇಕು, ಅವರಿಗೆ ಸಮಾಧಾನವಾಗುವ ಕುದುರೆಯನ್ನೇ ಹುಡುಕಿ. ಸುಳಿ ಸರಿಯಿದೆ ಅನ್ನೋದೊಂದೇ ಕಾರಣಕ್ಕೆ ಕುಂಟು ಕುದುರೆ ಮಾತ್ರ ತರಬೇಡಿ. ನಾಳೆ ಮಾರುವ ಸಂದರ್ಭ ಬಂದರೆ ಕೊಳ್ಳುವವರೂ ಸುಳಿ ನೋಡುತ್ತಾರೆ ಅನ್ನೋದೂ ನಿಜ.

ನೀವು ನೋಡಬೇಕಾದ್ದು ಇದು. ಎಂಟರಿಂದ ಹದಿನಾಲ್ಕು ವರ್ಷದ, ಬೀಜ ತೆಗೆಸಿದ ಗಂಡು. ಐದು ವರ್ಷಕ್ಕೆ ಮುಂಹಲ್ಲೆಲ್ಲ ಬದಲಾಗಿ ಮುಗಿಯುತ್ತದೆ. ಆಮೇಲೆ ವಯಸ್ಸು ಅಂದಾಜು ಮಾತ್ರ, ಮಾರುವವರು ಹೇಳಿದ್ದನ್ನು ನಂಬದೆ ವೈದ್ಯರಿಗೆ ತೋರಿಸಿ. ಗಟ್ಟಿ ನೆಲದ ಮೇಲೆ ಹಗ್ಗ ಸಡಿಲ ಬಿಟ್ಟು ಟ್ರಾಟ್ (ಮೆಲ್ಲನೆಯ ಓಟ) ಮಾಡಿಸಿ. ಮುಂಗಾಲು ನೋವಿದ್ದರೆ ನೋವಿಲ್ಲದ ಕಾಲೂರಿದಾಗ ತಲೆ ಕೆಳಗೆ ಬರುತ್ತದೆ, ನೋವಿನ ಕಾಲೂರಿದಾಗ ಮೇಲೆ ಹೋಗುತ್ತದೆ. ಬೇರೆ ಬೇರೆ ವಾರ ಎರಡು ಸಲ ಹೋಗಿ, ಎರಡನೇ ಸಲ ಹೇಳದೆ ಹೋಗಿ. ನೋವಿನ ಮಾತ್ರೆ, ಮಂಪರಿನ ಮದ್ದು ಕೊಟ್ಟು ತೋರಿಸೋದು ಇರುತ್ತದೆ. ಲಾಯದಿಂದ ಹಿಡಿದು ತರೋದು, ಕಡಿವಾಣ ಹಾಕೋದು, ವಾಹನಕ್ಕೆ ಹತ್ತಿಸೋದು ಎಲ್ಲ ನಿಮ್ಮ ಕಣ್ಣೆದುರು ಆಗಲಿ. ಮಾರುವವರೇ ಮೊದಲು ಸವಾರಿ ಮಾಡಲಿ, ಆಮೇಲೆ ನೀವು.

ಒಂಟಿ ಕುದುರೆ ಕೊರಗುತ್ತದೆ. ಇನ್ನೊಂದು ಕುದುರೆ ಸಾಧ್ಯವಿಲ್ಲದಿದ್ದರೆ ಎಮ್ಮೆಗಳು ಕಣ್ಣಿಗೆ ಕಾಣುವಂತೆ ಲಾಯದ ಬಾಗಿಲು ಇಡಿ, ಎರಡು ಮೇಕೆ ಜೊತೆಗೆ ಬಿಡಿ.

ಪಶುವೈದ್ಯ, ಹರಿಹರ

ಖರೀದಿಗೆ ಒಂದು ಮಾತು ಸೇರಿಸುತ್ತೇನೆ. ಗ್ಲ್ಯಾಂಡರ್ಸ್ ಪರೀಕ್ಷೆಯ ವರದಿ ನೋಡದೆ ಮುಂಗಡ ಕೊಡಬೇಡಿ. ಇದು ಕುದುರೆಯಿಂದ ಮನುಷ್ಯರಿಗೂ ಹರಡುವ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗ. ಚಿಕಿತ್ಸೆ ಇಲ್ಲ, ಖಚಿತವಾದರೆ ಕುದುರೆಗೆ ದಯಾಮರಣ. ಮನೆಯಲ್ಲಿ ಮಕ್ಕಳಿದ್ದಾರೆ, ಇದರಲ್ಲಿ ರಾಜಿ ಬೇಡ. ರಕ್ತದ ಮಾದರಿಯನ್ನು ಪಶುಪಾಲನಾ ಇಲಾಖೆಯ ಮೂಲಕ ಕಳುಹಿಸಬಹುದು. ಇದಕ್ಕೆ ದೇಶದ ಮುಖ್ಯ ಸಂಸ್ಥೆ ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ತಂದ ಮೇಲೆ ಧನುರ್ವಾಯು ಲಸಿಕೆ ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು, ಆಮೇಲೆ ವರ್ಷಕ್ಕೊಂದು. ರೇಬಿಸ್ ಲಸಿಕೆ ವರ್ಷಕ್ಕೊಂದು. ಹುಳುವಿನ ಔಷಧಿಯನ್ನು ಲದ್ದಿ ಪರೀಕ್ಷೆ ಮಾಡಿಸಿ ಕೊಡಿ, ಬಾಯಿಗೆ ಹಾಕುವ ಪೇಸ್ಟನ್ನೇ ಬಳಸಿ. ದನಕ್ಕೆ ಚುಚ್ಚುವ ಐವರ್‌ಮೆಕ್ಟಿನ್ ಕುದುರೆಗೆ ಚುಚ್ಚಬೇಡಿ. ಮಳೆಗಾಲ ಮುಗಿಯುವ ಹೊತ್ತಿಗೆ ರಕ್ತ ಹೀರುವ ದೊಡ್ಡ ನೊಣಗಳಿಂದ ಸರ್ರಾ ಎಂಬ ರಕ್ತದ ರೋಗ ಹರಡುತ್ತದೆ. ಬಿಟ್ಟು ಬಿಟ್ಟು ಜ್ವರ, ಹೊಟ್ಟೆಯಡಿ ಬಾವು, ತಿಂದರೂ ಸೊರಗುವುದು ಕಂಡರೆ ಜ್ವರವಿರುವಾಗಲೇ ರಕ್ತ ಪರೀಕ್ಷೆ ಮಾಡಿಸಿ.

ಹೊಟ್ಟೆಶೂಲೆಗೆ ಬರುತ್ತೇನೆ. ಕುದುರೆ ಆರೋಗ್ಯವಾಗಿರುವಾಗಲೇ ವಾರಕ್ಕೊಮ್ಮೆ ನಾಡಿ, ಉಸಿರು, ಜ್ವರ ನೋಡಿ ಬರೆದಿಡಿ. ದವಡೆ ಮೂಳೆಯ ಒಳಅಂಚಿನಲ್ಲಿ ಪೆನ್ಸಿಲಿನಷ್ಟು ದಪ್ಪದ ರಕ್ತನಾಳ ಬೆರಳಿಗೆ ಸಿಗುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ನಾಡಿ 28ರಿಂದ 44, ಉಸಿರು 8ರಿಂದ 16, ಜ್ವರ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು.

ಕುದುರೆ ನೆಲ ಕೆರೆಯುತ್ತಾ, ಪಕ್ಕೆ ತಿರುಗಿ ನೋಡುತ್ತಾ, ಮಲಗಿ ಏಳುತ್ತಾ, ಮೇವು ಬಿಟ್ಟಿದ್ದರೆ ಮೊದಲು ಹುಲ್ಲು, ಧಾನ್ಯ ಎಲ್ಲ ತೆಗೆಯಿರಿ. ಫೋನಿನಲ್ಲಿ ನಾಡಿ ಎಷ್ಟು, ಕೊನೆಯ ಲದ್ದಿ ಯಾವಾಗ, ಒಸಡಿನ ಬಣ್ಣ ಏನು ಅಂತ ವೈದ್ಯರಿಗೆ ಹೇಳಿ. ನಾಡಿ 60 ದಾಟಿದ್ದರೆ ಅದನ್ನೇ ಮೊದಲ ಮಾತಾಗಿ ಹೇಳಿ. ಉರುಳಾಡಲು ನೋಡಿದರೆ ನಿಧಾನ ನಡೆಸಿ. ಸುಮ್ಮನೆ ಮಲಗಿದ್ದರೆ ಮಲಗಿರಲಿ, ಸುಸ್ತಾಗುವಷ್ಟು ನಡೆಸಬೇಡಿ. ಗೊಟ್ಟದಲ್ಲಿ (ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆ) ಎಣ್ಣೆ, ಕಷಾಯ, ಸೋಡಾ ಯಾವುದನ್ನೂ ಬಾಯಿಗೆ ಹುಯ್ಯಬೇಡಿ. ಎತ್ತಿಗೆ ಹುಯ್ದಂತೆ ಹುಯ್ದರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಕುದುರೆಗೆ ವಾಂತಿ ಆಗುವುದಿಲ್ಲ. ತುಂಬಿದ ಜಠರಕ್ಕೆ ಮತ್ತೆ ತುಂಬಿದರೆ ಅದು ಒಡೆಯಬಹುದು. ಮೂಗಿನ ಮೂಲಕ ಜಠರಕ್ಕೆ ಕೊಳವೆ ಇಳಿಸಿ ಒಳಗಿರೋದನ್ನು ಹೊರತೆಗೆಯೋದು ವೈದ್ಯರ ಕೆಲಸ. ನೋವಿನ ಚುಚ್ಚುಮದ್ದನ್ನು ನೀವೇ ಕೊಡಬೇಡಿ, ಲಕ್ಷಣ ಮುಚ್ಚಿಹೋಗುತ್ತದೆ.

ನಮ್ಮ ತಾಲ್ಲೂಕುಗಳ ವೈದ್ಯರಲ್ಲಿ ಹೆಚ್ಚಿನವರ ದಿನನಿತ್ಯದ ಕೆಲಸ ದನ, ಎಮ್ಮೆ, ಕುರಿ. ಆದ್ದರಿಂದ ಕುದುರೆ ತರುವ ಮೊದಲೇ ಹೋಗಿ ಕೇಳಿ: ಕುದುರೆಗೆ ಕೊಳವೆ ಇಳಿಸುವ ಅಭ್ಯಾಸ ಯಾರಿಗಿದೆ, ರಾತ್ರಿ ಬರುವವರು ಯಾರು. ಪಶು ಚಿಕಿತ್ಸೆಯ ಸಹಾಯವಾಣಿ ಸಂಖ್ಯೆ 1962 ಹಲಗೆಯ ಮೇಲಿರಲಿ. ದೊಡ್ಡ ಚಿಕಿತ್ಸೆಗೆ ನಿಮಗೆ ಹತ್ತಿರವಾದದ್ದು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು, ಅದು ಬಿಟ್ಟರೆ ಬೆಂಗಳೂರಿನ ಹೆಬ್ಬಾಳ. ಆರಡಿ ಎತ್ತರದ ಪಕ್ಕದ ಕಟಕಟೆ, ಜಾರದ ರಬ್ಬರ್ ಚಾಪೆ ಇರುವ ವಾಹನದವರೊಬ್ಬರನ್ನು ಗೊತ್ತುಮಾಡಿಕೊಳ್ಳಿ, ಕುದುರೆಗೆ ತಿಂಗಳಿಗೊಮ್ಮೆಯಾದರೂ ಆ ವಾಹನ ಹತ್ತಿ ಇಳಿಯುವ ಅಭ್ಯಾಸ ಮಾಡಿಸಿ. ನೋವಿನಲ್ಲಿರುವ, ವಾಹನವನ್ನೇ ನೋಡದ ಕುದುರೆಯನ್ನು ರಾತ್ರಿ ಕತ್ತಲಲ್ಲಿ ಹತ್ತಿಸುವಷ್ಟರಲ್ಲಿ ಒಂದೆರಡು ಗಂಟೆ ಹೋಗಿರುತ್ತದೆ.